ಎದೆನೋವನ್ನು ‘ಗ್ಯಾಸ್’ ಎನ್ನುವ ಮೊದಲು: ಹೃದಯಾಘಾತ ಮತ್ತು ಅದರ ಮುನ್ಸೂಚನೆಗಳು

(ಯಾದಗಿರಿ, ಶಹಾಪುರ ಹಾಗೂ ಸುರಪುರ ತಾಲ್ಲೂಕುಗಳ ಗ್ರಾಮ ಪಂಚಾಯತ್ ಸದಸ್ಯರ ತರಬೇತಿಯಲ್ಲಿ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಪಠ್ಯ. ಸದಸ್ಯರ ಕೋರಿಕೆಯ ಮೇರೆಗೆ ಎಲ್ಲ ಗ್ರಾಮ ಪಂಚಾಯತ್‌ಗಳ ತಿಳಿವಳಿಕೆಗಾಗಿ ಪ್ರಕಟಿಸಲಾಗಿದೆ.)



ಕ್ರಿಯಾ ಯೋಜನೆ, ಕುಡಿಯುವ ನೀರು, ತೆರಿಗೆ ವಸೂಲಿ ಇವುಗಳ ಬಗೆಗೆ ಬೆಳಗಿನಿಂದ ಕೇಳುತ್ತಿದ್ದೀರಿ. ಇದರ ನಡುವೆ ಹೃದಯದ ಮಾತಿಗೆ ಏನು ಕೆಲಸ ಎಂದು ಕೆಲವರಿಗಾದರೂ ಅನ್ನಿಸಿರಬಹುದು. ಹಳ್ಳಿಯಲ್ಲಿ ಮಧ್ಯರಾತ್ರಿ ಒಬ್ಬರಿಗೆ ಎದೆ ಹಿಡಿದುಕೊಂಡರೆ ಮೊದಲು ಬಾಗಿಲು ತಟ್ಟುವುದು ಯಾರ ಮನೆಯದು? ವೈದ್ಯರು ಊರಿನಲ್ಲಿ ಇರುವುದಿಲ್ಲ. ಇರುವವರು ನೀವು. ವಾಹನ ಬೇಕು, ಫೋನ್ ಮಾಡಬೇಕು, ‘ಏನ್ ಮಾಡೋಣ್ರಿ’ ಎಂದು ಕೇಳಬೇಕು, ಇವೆಲ್ಲಕ್ಕೂ ಜನರು ನಿಮ್ಮ ಬಳಿಗೇ ಬರುತ್ತಾರೆ. ಆ ಹೊತ್ತಿನಲ್ಲಿ ನಿಮ್ಮ ಬಾಯಿಂದ ಬರುವ ಒಂದು ಮಾತಿನ ಮೇಲೆ ಒಂದು ಜೀವ ನಿಂತಿರುತ್ತದೆ. ಆದುದರಿಂದಲೇ ಈ ಉಪನ್ಯಾಸಕ್ಕೆ ಒಪ್ಪಿ ಬಂದೆ.

ಮೊದಲಿಗೆ ನನ್ನ ಮನೆಯದೇ ಒಂದು ಸಂಗತಿಯನ್ನು ಹೇಳುತ್ತೇನೆ. ನನ್ನ ಸೋದರಮಾವನವರು ಸುರಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಕ್ಕಲುತನ ಮಾಡಿಕೊಂಡಿದ್ದವರು. ವಯಸ್ಸು ಐವತ್ತೆರಡು. ಹತ್ತಿ ಬಿಡಿಸುವ ದಿನಗಳು. ರಾತ್ರಿ ರೊಟ್ಟಿ ಊಟ ಮಾಡಿ ಕಟ್ಟೆಯ ಮೇಲೆ ಕುಳಿತವರು ‘ಎದಿಯಾಗ ಒಂದ್ ನಮೂನಿ ಆಗ್ತದ’ ಎಂದರು. ಆಗ ಒಂಬತ್ತೂವರೆ ಗಂಟೆ. ಬದನೆಕಾಯಿ ಪಲ್ಯ ವಾಯು ಮಾಡಿತು ಎಂದು ಅತ್ತೆ ಅಜವಾನ ಬಿಸಿನೀರು ಕುಡಿಸಿದರು. ಪಕ್ಕದ ಮನೆಯವರು ಸೋಡಾ ತಂದುಕೊಟ್ಟರು. ಹತ್ತೂವರೆಯ ಹೊತ್ತಿಗೆ ಒಬ್ಬರನ್ನು ಕರೆದು ‘ಗ್ಯಾಸಿನ ಸೂಜಿ’ ಹಾಕಿಸಿದರು. ನೋವು ಸ್ವಲ್ಪ ಕಡಿಮೆಯಾದಂತೆ ಅನ್ನಿಸಿತು, ಎಲ್ಲರೂ ಮಲಗಿದರು. ಮಾವನವರ ಅಂಗಿ ಮಾತ್ರ ಚಳಿಯಲ್ಲಿಯೂ ಬೆವರಿನಿಂದ ತೊಯ್ದಿತ್ತು. ಅತ್ತೆ ಸೆರಗಿನಿಂದ ಒರೆಸುತ್ತಲೇ ಬೆಳಗು ಮಾಡಿದರು. ನಾಲ್ಕೂವರೆಗೆ ವಾಂತಿ ಆರಂಭವಾಯಿತು, ಐದಕ್ಕೆ ವಾಹನ ಸಿಕ್ಕಿತು, ಆರು ಗಂಟೆಗೆ ಆಸ್ಪತ್ರೆಯಲ್ಲಿ ಇಸಿಜಿ ತೆಗೆದಾಗ ದೊಡ್ಡ ಹೃದಯಾಘಾತವೆಂದು ಗೊತ್ತಾಯಿತು. ಕಲಬುರಗಿಗೆ ಸಾಗಿಸುವ ದಾರಿಯಲ್ಲಿ ಅವರು ತೀರಿಕೊಂಡರು. ನಾನಾಗ ವೈದ್ಯಕೀಯದ ಮೂರನೆಯ ವರ್ಷದ ವಿದ್ಯಾರ್ಥಿ. ವಸತಿ ನಿಲಯಕ್ಕೆ ಬಂದ ಫೋನಿನಲ್ಲಿ ಅತ್ತೆ ಕೇಳಿದ್ದು ಒಂದೇ ಮಾತು: ‘ನಿನಗ ಓದಸ್ತಾರಲ್ಲ, ಬೆವರು ಬಂದ್ರ ಏನು ಅಂತ ಹೇಳಿಕೊಡಂಗಿಲ್ಲೇನು?’

ಆ ಪ್ರಶ್ನೆಗೆ ಇಂದು ನಿಮ್ಮ ಮುಂದೆ ಉತ್ತರ ಕೊಡಲು ಯತ್ನಿಸುತ್ತೇನೆ.

ಹೃದಯವೆಂದರೆ ನಮ್ಮ ಮುಷ್ಟಿಯಷ್ಟು ದೊಡ್ಡದಾದ ಒಂದು ಮಾಂಸದ ಪಂಪು. ಹಗಲೂ ಇರುಳೂ ದೇಹಕ್ಕೆಲ್ಲ ರಕ್ತವನ್ನು ಒತ್ತುತ್ತದೆ. ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುತ್ತದೆ. ಒಳಗೆಲ್ಲ ರಕ್ತವೇ ತುಂಬಿದ್ದರೂ ಹೃದಯದ ಮಾಂಸಕ್ಕೆ ಆಹಾರ ಸಿಗುವುದು ಆ ರಕ್ತದಿಂದಲ್ಲ. ಅದರ ಹೊರಮೈಮೇಲೆ ಹರಿಯುವ, ಮೂರ್ನಾಲ್ಕು ಮಿಲಿಮೀಟರ್ ಅಗಲದ ಕರೋನರಿ ರಕ್ತನಾಳಗಳಿಂದ. ನಾರಾಯಣಪುರದ ಬಸವಸಾಗರದಲ್ಲಿ ಎಷ್ಟೇ ನೀರಿದ್ದರೂ ನಿಮ್ಮ ಹೊಲಕ್ಕೆ ಬರುವುದು ಎಡದಂಡೆ ಕಾಲುವೆಯಿಂದ, ಅದರ ವಿತರಣಾ ಕಾಲುವೆಯಿಂದ, ಕಡೆಗೆ ಹೊಲಗಾಲುವೆಯಿಂದ. ಹೃದಯದಲ್ಲಿಯೂ ಇದೇ ವ್ಯವಸ್ಥೆ. ಕಾಲುವೆಯಲ್ಲಿ ಹೂಳು ತುಂಬುವಂತೆ ಈ ನಾಳಗಳ ಗೋಡೆಯೊಳಗೆ ವರ್ಷಗಟ್ಟಲೆ ಕೊಬ್ಬು ಸೇರಿ ಗಡ್ಡೆ ಕಟ್ಟುತ್ತದೆ. ಹೂಳು ಹೆಚ್ಚಾದಂತೆ ನೀರು ಕಡಿಮೆ ಹರಿಯುತ್ತದೆ. ಸುಮ್ಮನೆ ಕುಳಿತಾಗ ಸಾಕಾಗುವ ರಕ್ತ ಏರು ಹತ್ತುವಾಗ, ಮೂಟೆ ಹೊರುವಾಗ ಸಾಲದಾಗುತ್ತದೆ. ಆಗ ಎದೆ ಬಿಗಿಯುತ್ತದೆ, ನಿಂತರೆ ಹೋಗುತ್ತದೆ. ಇದು ಹೃದಯಶೂಲೆ, ಅಂದರೆ ಆಂಜೈನಾ.

ಹೃದಯಾಘಾತ ಇದಕ್ಕಿಂತ ಬೇರೆ. ಅದು ಹೂಳು ನಿಧಾನವಾಗಿ ಪೂರ್ತಿ ತುಂಬಿದ್ದರಿಂದ ಆಗುವುದಲ್ಲ. ಕೊಬ್ಬಿನ ಗಡ್ಡೆಯ ಮೇಲಿನ ತೆಳ್ಳನೆಯ ಪೊರೆ ಒಂದು ಗಳಿಗೆಯಲ್ಲಿ ಬಿರಿಯುತ್ತದೆ. ಗಾಯವಾಯಿತೆಂದು ತಿಳಿದ ರಕ್ತವು ಅಲ್ಲಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ನಾಳವನ್ನೇ ಮುಚ್ಚುತ್ತದೆ. ಕಾಲುವೆಯ ದಂಡೆ ಕುಸಿದು ಮಣ್ಣು ಅಡ್ಡಬಿದ್ದಂತೆ. ನಿನ್ನೆಯವರೆಗೆ ಚೆನ್ನಾಗಿ ಓಡಾಡಿಕೊಂಡಿದ್ದ ಮನುಷ್ಯನಿಗೆ ಇಂದು ಹೀಗಾಯಿತಲ್ಲ ಎಂದು ನಾವು ಆಶ್ಚರ್ಯಪಡುವುದಕ್ಕೆ ಇದೇ ಕಾರಣ. ನಾಳದಲ್ಲಿ ಅರ್ಧಕ್ಕಿಂತ ಕಡಿಮೆ ಹೂಳಿದ್ದವರಲ್ಲಿಯೂ ದಂಡೆ ಕುಸಿಯಬಹುದು. ವಾರಾಬಂದಿಯಲ್ಲಿ ನೀರು ತಡವಾದರೆ ಭತ್ತವು ಕೆಲವು ದಿನ ತಾಳೀತು. ಹೃದಯದ ಮಾಂಸಕ್ಕೆ ಆ ತಾಳ್ಮೆಯಿಲ್ಲ. ರಕ್ತ ನಿಂತ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಅದು ಸಾಯಲಾರಂಭಿಸುತ್ತದೆ. ಆರು ಗಂಟೆಗಳ ಹೊತ್ತಿಗೆ ಆ ನಾಳವನ್ನು ನಂಬಿದ ಮಾಂಸದ ಬಹುಭಾಗ ಸತ್ತಿರುತ್ತದೆ. ಸತ್ತ ಹೃದಯದ ಮಾಂಸ ಮತ್ತೆ ಚಿಗುರುವುದಿಲ್ಲ. ಬದುಕುಳಿದರೂ ಆ ಮನುಷ್ಯ ಮುಂದೆ ನಾಲ್ಕು ಹೆಜ್ಜೆಗೆ ಏದುಸಿರು ಬಿಡುವಂತಾದರೆ ಮನೆತನದ ದುಡಿಮೆಯೇ ನಿಂತಂತೆ.

ಇನ್ನೊಂದು ಗೊಂದಲವನ್ನು ಇಲ್ಲಿಯೇ ಬಿಡಿಸಬೇಕು. ಹೃದಯಾಘಾತ ಮತ್ತು ಹೃದಯಸ್ತಂಭನ ಒಂದೇ ಅಲ್ಲ. ಆಘಾತದಲ್ಲಿ ನಾಳ ಮುಚ್ಚಿರುತ್ತದೆ, ಹೃದಯ ಬಡಿಯುತ್ತಿರುತ್ತದೆ, ಮನುಷ್ಯ ಮಾತನಾಡುತ್ತಿರುತ್ತಾನೆ. ಸ್ತಂಭನದಲ್ಲಿ ಹೃದಯದ ಬಡಿತವೇ ನಿಲ್ಲುತ್ತದೆ, ಮನುಷ್ಯ ಕುಸಿದು ಬೀಳುತ್ತಾನೆ, ಉಸಿರು ನಿಲ್ಲುತ್ತದೆ. ಆಘಾತವಾದವರಲ್ಲಿ ಕೆಲವರಿಗೆ, ಹೆಚ್ಚಾಗಿ ಮೊದಲ ಗಂಟೆಗಳಲ್ಲಿ, ಸ್ತಂಭನವೂ ಆಗುತ್ತದೆ. ಅದಕ್ಕೇ ಮನೆಯಲ್ಲಿ ಕಾಯುವುದು ಅಪಾಯ.

ಈಗ ಲಕ್ಷಣಗಳು. ಪುಸ್ತಕದಲ್ಲಿ ‘ತೀವ್ರ ಎದೆನೋವು’ ಎಂದು ಬರೆದಿರುತ್ತದೆ. ನನ್ನ ಅನುಭವದಲ್ಲಿ ನಮ್ಮ ಭಾಗದ ರೋಗಿಗಳು ‘ನೋವು’ ಎಂಬ ಶಬ್ದವನ್ನೇ ಬಳಸದಿರುವುದುಂಟು. ‘ಎದಿ ಮ್ಯಾಲ ಕಲ್ಲು ಇಟ್ಟಂಗ ಆಗೇದ’, ‘ಎದಿ ಹಿಂಡಿದಂಗ ಆಗ್ತದ್ರಿ’, ‘ಹಗ್ಗ ಹಾಕಿ ಬಿಗದಂಗ’, ‘ಉರಿ ಬಿದ್ದದ’, ‘ಯಾಕೋ ಜೀವಕ್ಕ ಸಮಾಧಾನ ಇಲ್ಲ’ ಎನ್ನುತ್ತಾರೆ. ಎಲ್ಲಿ ಎಂದು ಕೇಳಿದರೆ ಒಂದು ಬೆರಳಿನಿಂದ ತೋರಿಸುವುದಿಲ್ಲ. ಇಡೀ ಅಂಗೈಯನ್ನು ಅಥವಾ ಮುಷ್ಟಿಯನ್ನು ಎದೆಯ ನಡುಭಾಗದ ಮೇಲೆ ಇಡುತ್ತಾರೆ. ಹೃದಯ ಎಡಕ್ಕಿದೆ, ನೋವು ನಡುವೆ ಇದೆ, ಆದ್ದರಿಂದ ಇದು ಹೃದಯದ್ದಲ್ಲ ಎಂದು ತರ್ಕಿಸುವವರನ್ನು ನಾನು ಕಂಡಿದ್ದೇನೆ. ಆ ತರ್ಕ ತಪ್ಪು. ಈ ಭಾರವು ಎಡಗೈಗೆ, ಕೆಲವೊಮ್ಮೆ ಎರಡೂ ಕೈಗಳಿಗೆ, ಭುಜಕ್ಕೆ, ಗಂಟಲಿಗೆ, ಕೆಳದವಡೆಗೆ, ಬೆನ್ನಿಗೆ, ಹೊಕ್ಕುಳಿನ ಮೇಲ್ಭಾಗಕ್ಕೆ ಹರಡಬಹುದು. ಹಲ್ಲುನೋವೆಂದು ದವಡೆ ಹಿಡಿದುಕೊಂಡು ಬಂದವರಿಗೂ ಹೃದಯಾಘಾತವಾಗಿರುವುದುಂಟು.

ಜೊತೆಗೆ ಬರುವ ಸಂಗಾತಿಗಳನ್ನು ಗುರುತಿಸಿರಿ. ತಣ್ಣನೆಯ ಬೆವರು, ಅಂದರೆ ಬಿಸಿಲಿಲ್ಲದೆ, ದುಡಿಮೆಯಿಲ್ಲದೆ, ಅಂಗಿ ತೊಯ್ಯುವಂತೆ ಬರುವ ಬೆವರು, ನನ್ನ ಮಟ್ಟಿಗೆ ಅತ್ಯಂತ ಗಂಭೀರ ಸೂಚನೆ. ಉಸಿರು ಸಿಕ್ಕಿಕೊಂಡಂತಾಗುವುದು, ವಾಕರಿಕೆ ಅಥವಾ ವಾಂತಿ, ತಲೆ ತಿರುಗಿ ಕಣ್ಣಿಗೆ ಕತ್ತಲೆ ಬರುವುದು, ಮುಖ ಬಿಳಿಚಿಕೊಳ್ಳುವುದು, ಏನೋ ಆಗಿಬಿಡುತ್ತದೆ ಎಂಬ ಭಯ. ಇವೆಲ್ಲ ಒಟ್ಟಿಗೆ ಬರಬೇಕೆಂದಿಲ್ಲ. ಎದೆಯ ಭಾರ ಹದಿನೈದು ನಿಮಿಷವಾದರೂ ಇಳಿಯದಿದ್ದರೆ, ಇಲ್ಲವೇ ಅದರ ಜೊತೆ ಬೆವರೋ ಏದುಸಿರೋ ಕೂಡಿದ್ದರೆ, ಅದನ್ನು ಹೃದಯಾಘಾತವೆಂದೇ ತಿಳಿದು ಹೊರಡಬೇಕು. ಅಲ್ಲ ಎಂದು ಹೇಳುವ ಕೆಲಸ ಇಸಿಜಿಯದು, ನಮ್ಮದಲ್ಲ. ಆಸ್ಪತ್ರೆಗೆ ಹೋಗಿ ಅದು ನಿಜವಾಗಿಯೂ ಗ್ಯಾಸ್ ಎಂದೇ ತಿಳಿದುಬಂದರೆ ನಷ್ಟವಾಗುವುದು ಒಂದು ರಾತ್ರಿಯ ನಿದ್ದೆ ಮಾತ್ರ.

ಇಲ್ಲಿ ಕುಳಿತಿರುವ ತಾಯಂದಿರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಹೆಣ್ಣುಮಕ್ಕಳಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಎಪ್ಪತ್ತು ದಾಟಿದವರಲ್ಲಿ ಎದೆಯ ಭಾರ ಇಲ್ಲದೆಯೂ ಹೃದಯಾಘಾತವಾಗುವುದುಂಟು. ಸಕ್ಕರೆ ಕಾಯಿಲೆ ಹಳೆಯದಾದಾಗ ನೋವನ್ನು ತಿಳಿಸುವ ನರಗಳೇ ಮಂಕಾಗಿರುತ್ತವೆ. ಇಂಥವರಿಗೆ ಕಾಣಿಸುವುದು ಹಠಾತ್ ಸುಸ್ತು, ಏದುಸಿರು, ಬೆನ್ನಿನ ಮೇಲ್ಭಾಗದ ಸೆಳೆತ, ವಾಂತಿ. ಇದಕ್ಕೆ ನಮ್ಮ ಮನೆಗಳ ಒಂದು ರೂಢಿಯೂ ಸೇರಿಕೊಳ್ಳುತ್ತದೆ. ಗಂಡಸಿಗೆ ಬೆವರು ಬಂದರೆ ಊರು ಕೂಡುತ್ತದೆ. ಹೆಂಗಸಿಗೆ ಸುಸ್ತಾದರೆ ‘ಕೆಲಸ ಭಾಳ ಆಗೇದ, ಮಲಗಲಿ’ ಎನ್ನುತ್ತೇವೆ. ಆಕೆಯೂ ಹೇಳಿಕೊಳ್ಳುವುದಿಲ್ಲ. ಬೆಳಗಿನ ರೊಟ್ಟಿ ಬಡಿದು ಮುಗಿಸಿ, ಮಕ್ಕಳನ್ನು ಶಾಲೆಗೆ ಕಳುಹಿಸಿ, ಆಮೇಲೆ ಆಸ್ಪತ್ರೆಗೆ ಬಂದ ತಾಯಂದಿರ ಇಸಿಜಿ ನೋಡಿ ಕೈ ನಡುಗಿದ ದಿನಗಳು ನನ್ನ ವೃತ್ತಿಯಲ್ಲಿ ಇವೆ.

ಮುನ್ಸೂಚನೆ ಎಂದು ಶೀರ್ಷಿಕೆಯಲ್ಲಿ ಹೇಳಿದೆನಲ್ಲ. ಹೃದಯಾಘಾತವು ಹಲವರಲ್ಲಿ ಹೇಳದೆ ಬರುತ್ತದೆ, ನಿಜ. ಆದರೆ ಅನೇಕರಲ್ಲಿ ದಿನಗಳ ಅಥವಾ ವಾರಗಳ ಮೊದಲೇ ಬಾಗಿಲು ತಟ್ಟಿರುತ್ತದೆ. ನನ್ನ ಮಾವನವರು ತೀರಿಕೊಂಡ ಮೇಲೆ ಅವರ ಮಗ ನೆನಪಿಸಿಕೊಂಡ: ಹದಿನೈದು ದಿನಗಳಿಂದ ಅಪ್ಪ ಕಾಲುವೆ ಏರಿ ಹತ್ತುವಾಗ ನಡುವೆ ನಿಂತು ಎದೆಯ ಮೇಲೆ ಕೈಯಿಡುತ್ತಿದ್ದರು, ‘ವಯಸ್ಸಾತಪ್ಪ’ ಎಂದು ನಕ್ಕು ಮುಂದೆ ಹೋಗುತ್ತಿದ್ದರು. ಅದೇ ಮುನ್ಸೂಚನೆ. ಮೊದಲು ಸಲೀಸಾಗಿ ಮಾಡುತ್ತಿದ್ದ ಕೆಲಸಕ್ಕೆ ಈಗ ಎದೆ ಬಿಗಿಯುತ್ತದೆ, ನಿಂತರೆ ಇಳಿಯುತ್ತದೆ ಎಂದಾದರೆ ಮರುದಿನವೇ ವೈದ್ಯರನ್ನು ಕಾಣಬೇಕು. ಆ ಬಿಗಿತ ದಿನದಿಂದ ದಿನಕ್ಕೆ ಹೆಚ್ಚಾಗುತ್ತಿದ್ದರೆ, ಕಡಿಮೆ ನಡಿಗೆಗೇ ಬರುತ್ತಿದ್ದರೆ, ಕುಳಿತಾಗ ಅಥವಾ ಮಲಗಿದಾಗಲೂ ಬಂದರೆ ಮರುದಿನದವರೆಗೂ ಕಾಯಬಾರದು.

ಹಾಗಾದರೆ ನಮ್ಮಲ್ಲಿ ತಡವಾಗುವುದೇಕೆ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರ ಮುಂದಾಳತನದಲ್ಲಿ ನಡೆದು 2008ರಲ್ಲಿ ಪ್ರಕಟವಾದ ‘ಕ್ರಿಯೇಟ್’ ಅಧ್ಯಯನವು ದೇಶದ 50 ನಗರಗಳ 89 ಆಸ್ಪತ್ರೆಗಳಲ್ಲಿ 20 ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಯನ್ನು ಪರಿಶೀಲಿಸಿತು. ನೋವು ಆರಂಭವಾಗಿ ಆಸ್ಪತ್ರೆ ತಲುಪಲು ತಗುಲಿದ ಮಧ್ಯಮ ಅವಧಿ 360 ನಿಮಿಷ, ಅಂದರೆ ಆರು ಗಂಟೆ. ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಹೆಪ್ಪು ಕರಗಿಸುವ ಔಷಧ ಸಿಗಲು ತಗುಲಿದ್ದು 50 ನಿಮಿಷ. ತಡವೆಲ್ಲ ಎಲ್ಲಿದೆ ಎಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ. ಅದೇ ಅಧ್ಯಯನದಲ್ಲಿ 30 ದಿನಗಳೊಳಗಿನ ಸಾವು ಶ್ರೀಮಂತರಲ್ಲಿ ನೂರಕ್ಕೆ 5.5 ಇದ್ದರೆ ಬಡವರಲ್ಲಿ 8.2 ಇತ್ತು. ಬಡವರ ಹೃದಯ ಬೇರೆಯಾಗಿರಲಿಲ್ಲ. ಅವರಿಗೆ ಸಿಕ್ಕ ಚಿಕಿತ್ಸೆ ಕಡಿಮೆಯಾಗಿತ್ತು. ಹೃದ್ರೋಗವೆಂದರೆ ಪಟ್ಟಣದ ಸಾಹುಕಾರರ ರೋಗವೆಂದು ನಂಬಿರುವವರು ಈ ಅಂಕಿಯನ್ನು ಗಮನಿಸಬೇಕು.

ಇನ್ನು ಆ ಹೊತ್ತಿನಲ್ಲಿ ಮಾಡಬೇಕಾದುದು. ರೋಗಿಯನ್ನು ನಡೆಸಬೇಡಿ. ಬೆನ್ನಿಗೆ ದಿಂಬೋ ಕೌದಿಯೋ ಒರಗಿಸಿ ಅರ್ಧ ಕುಳಿತ ಭಂಗಿಯಲ್ಲಿ ಇರಿಸಿ. ಅಂಗಿಯ ಗುಂಡಿ ಸಡಿಲಿಸಿ. ಸುತ್ತ ನೆರೆದವರನ್ನು ದೂರ ಸರಿಸಿ. 108ಕ್ಕೆ ಕರೆ ಮಾಡಿ. ನಮ್ಮ ರಾಜ್ಯದಲ್ಲಿ 2008ರ ನವೆಂಬರ್‌ನಿಂದ ಈ ಸೇವೆ ಇದೆ, ಹಣ ಕೊಡಬೇಕಾಗಿಲ್ಲ. ಕರೆಯಲ್ಲಿ ‘ಆರಾಮ ಇಲ್ಲ’ ಎಂದಷ್ಟೇ ಹೇಳಬೇಡಿ. ‘ಎದೆನೋವು, ಬೆವರು, ಹೃದಯಾಘಾತದ ಸಂಶಯ’ ಎಂದು ಸ್ಪಷ್ಟವಾಗಿ ಹೇಳಿ. ಆಂಬುಲೆನ್ಸ್ ಬರಲು ಬಹಳ ಹೊತ್ತಾಗುವಂತಿದ್ದರೆ ಊರಿನ ಕಾರಿನಲ್ಲಿಯೋ ಜೀಪಿನಲ್ಲಿಯೋ ಹೊರಡಿ, ದಾರಿಯಲ್ಲಿ ಅದು ಎದುರಾಗುವಂತೆ ಮಾತನಾಡಿಕೊಳ್ಳಿ. ರೋಗಿಯನ್ನು ಬೈಕಿನ ನಡುವೆ ಕೂರಿಸಿಕೊಂಡು ಹೋಗುವುದು, ರೋಗಿ ತಾನೇ ಗಾಡಿ ಓಡಿಸಿಕೊಂಡು ಬರುವುದು ಎರಡೂ ಬೇಡ.

ಮನೆಯಲ್ಲಿ ಆಸ್ಪಿರಿನ್ ಇದ್ದರೆ 300 ಮಿಲಿಗ್ರಾಂನಷ್ಟು ಅಗಿದು ನುಂಗಲು ಕೊಡಬಹುದು. 75ರ ಗುಳಿಗೆಗಳಾದರೆ ನಾಲ್ಕು. ನುಂಗುವುದಕ್ಕಿಂತ ಅಗಿದರೆ ಬೇಗ ರಕ್ತ ಸೇರುತ್ತದೆ. ಆಸ್ಪಿರಿನ್ ಒಗ್ಗದವರಿಗೆ, ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗುತ್ತಿರುವವರಿಗೆ, ಕೈಕಾಲು ಸೋತು ಬಾಯಿ ಸೊಟ್ಟಗಾದವರಿಗೆ ಕೊಡಬಾರದು. ಸಂಶಯವಿದ್ದರೆ ಫೋನಿನಲ್ಲಿ ವೈದ್ಯರನ್ನೋ 108ರವರನ್ನೋ ಕೇಳಿ ಕೊಡಿ. ಇಷ್ಟು ಅಗ್ಗದ ಗುಳಿಗೆಯಿಂದ ಏನಾದೀತು ಎಂದು ತಾತ್ಸಾರ ಬೇಡ. 1988ರಲ್ಲಿ ಪ್ರಕಟವಾದ, ಸುಮಾರು 17 ಸಾವಿರ ರೋಗಿಗಳು ಭಾಗವಹಿಸಿದ್ದ ಅಂತರರಾಷ್ಟ್ರೀಯ ಪರೀಕ್ಷೆಯೊಂದರಲ್ಲಿ ಆಸ್ಪಿರಿನ್ ಒಂದೇ ಐದು ವಾರಗಳೊಳಗಿನ ಸಾವನ್ನು ನಾಲ್ಕನೆಯ ಒಂದು ಭಾಗದಷ್ಟು ತಗ್ಗಿಸಿತು. ಹೆಪ್ಪು ಕರಗಿಸುವ ಔಷಧವನ್ನೂ ಕೂಡಿಸಿದಾಗ ಸಾವು ನೂರಕ್ಕೆ 40ಕ್ಕಿಂತ ಹೆಚ್ಚು ಕಡಿಮೆಯಾಯಿತು. ನಾಲಿಗೆಯ ಕೆಳಗಿಡುವ ಗುಳಿಗೆಯನ್ನು ಮಾತ್ರ, ವೈದ್ಯರು ಆ ರೋಗಿಗೇ ಮೊದಲು ಬರೆದುಕೊಟ್ಟಿದ್ದರೆ ಹೊರತು, ಕೊಡಬೇಡಿ, ರಕ್ತದೊತ್ತಡ ಕುಸಿಯಬಹುದು. ಎದೆಗೆ ಎಣ್ಣೆ ತಿಕ್ಕುವುದು, ಸೋಡಾ, ಮೊಬೈಲಿನಲ್ಲಿ ಹರಿದಾಡುವ ‘ಜೋರಾಗಿ ಕೆಮ್ಮಿರಿ, ಹೃದಯಾಘಾತ ನಿಲ್ಲುತ್ತದೆ’ ಎಂಬ ಸಂದೇಶ, ಇವುಗಳಿಂದ ಸಮಯ ಹಾಳಾಗುವುದೊಂದೇ ಫಲ.

ಎಲ್ಲಿಗೆ ಒಯ್ಯಬೇಕು? ಇಲ್ಲಿ ನಮ್ಮ ಜನರ ಒಂದು ಅಭ್ಯಾಸವನ್ನು ಹೇಳಲೇಬೇಕು. ‘ಸಣ್ಣ ದವಾಖಾನ್ಯಾಗ ಏನೈತಿ, ಸೀದಾ ಕಲಬುರಗಿಗೆ ಹೋಗೋಣ’ ಎಂದು ತಾಲ್ಲೂಕು ಆಸ್ಪತ್ರೆಯ ಮುಂದಿನಿಂದಲೇ ವಾಹನ ಓಡಿಸಿಕೊಂಡು ಹೋಗುತ್ತಾರೆ. ಹೆಪ್ಪು ಕರಗಿಸುವ ಔಷಧ ಮೊದಲ ಒಂದೆರಡು ಗಂಟೆಗಳಲ್ಲಿ ಅತಿ ಹೆಚ್ಚು ಕೆಲಸ ಮಾಡುತ್ತದೆ. ಹನ್ನೆರಡು ಗಂಟೆಗಳ ನಂತರ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಸುರಪುರದ ಕಡೆಯ ಹಳ್ಳಿಯಿಂದ ಕಲಬುರಗಿಯವರೆಗೆ ವಾಹನದಲ್ಲಿ ಎರಡು ಗಂಟೆಗೂ ಮೀರಿ ಹಿಡಿಯುತ್ತದೆ. ಆ ಎರಡು ಗಂಟೆ ಹೃದಯದ ಮಾಂಸ ಸಾಯುತ್ತಲೇ ಇರುತ್ತದೆ. ಆದ್ದರಿಂದ ಇಸಿಜಿ ಮತ್ತು ಈ ಔಷಧ ಇರುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ, ಹೆಪ್ಪು ಕರಗಿಸಿಕೊಂಡು, ಅನಂತರ ಆಂಜಿಯೋಗ್ರಾಮ್ ಇರುವ ದೊಡ್ಡ ಆಸ್ಪತ್ರೆಗೆ ಹೋಗುವುದೇ ನಮ್ಮಂಥ ದೂರದ ಊರುಗಳಿಗೆ ಸರಿಯಾದ ಕ್ರಮ.

ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ತಮ್ಮ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದುದು ನಿಮಗೆಲ್ಲ ನೆನಪಿದೆ. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರವು ರೂಪಿಸಿರುವ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯ ತಿರುಳು ಇದೇ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಅಂತರ್ಜಾಲದ ಮೂಲಕ ತಜ್ಞರಿಗೆ ಹೋಗುತ್ತದೆ, ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ, ಅಗತ್ಯವಿದ್ದರೆ ಟೆನೆಕ್ಟೆಪ್ಲೇಸ್ ಎಂಬ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ಹೊರಗೆ ಕೊಂಡರೆ ಹಲವು ಸಾವಿರ ರೂಪಾಯಿ ಬೆಲೆಯ ಔಷಧವದು; ಒಂದೇ ಬಾರಿಗೆ ರಕ್ತನಾಳಕ್ಕೆ ಕೊಟ್ಟು ಮುಗಿಸಬಹುದು. ಆಮೇಲೆ ರೋಗಿಯನ್ನು ಜಯದೇವ ಸಂಸ್ಥೆಯಂತಹ ಕೇಂದ್ರಕ್ಕೆ ಕಳುಹಿಸುತ್ತಾರೆ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಕಟ್ಟಡವು 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡಿದೆ. ಒಂದು ಕಾಲಕ್ಕೆ ಬೆಂಗಳೂರಿಗೋ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಓಡಬೇಕಾಗಿದ್ದ ನಮಗೆ ಇದು ಸಣ್ಣ ಸಂಗತಿಯಲ್ಲ. ಖರ್ಚಿನ ಮಾತಿಗೆ ಬಂದರೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ರೇಷನ್ ಕಾರ್ಡು, ಆಧಾರ್ ಹುಡುಕುತ್ತ ಅರ್ಧ ಗಂಟೆ ಕಳೆಯಬೇಡಿ. ರೋಗಿ ಹೊರಡಲಿ, ಕಾಗದವನ್ನು ಹಿಂದಿನಿಂದ ಒಬ್ಬರು ತರಲಿ.

ನಿಮ್ಮಲ್ಲಿ ನನ್ನದೊಂದು ವಿನಂತಿ. ಊರಿಗೆ ಮರಳಿದ ವಾರದೊಳಗೆ ನಿಮ್ಮ ತಾಲ್ಲೂಕು ಆರೋಗ್ಯಾಧಿಕಾರಿಗಳನ್ನು ಕೇಳಿ ಮೂರು ಸಂಗತಿ ಬರೆದುಕೊಳ್ಳಿ: ರಾತ್ರಿ ಹೊತ್ತು ಇಸಿಜಿ ತೆಗೆಯುವ, ನಿಮ್ಮೂರಿಗೆ ಅತಿ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು, ಹೆಪ್ಪು ಕರಗಿಸುವ ಔಷಧ ಅಲ್ಲಿ ಇದೆಯೇ, ಅಲ್ಲಿಯ ದೂರವಾಣಿ ಸಂಖ್ಯೆ ಏನು. ಪಂಚಾಯತ್ ಕಟ್ಟಡದ ಗೋಡೆಯ ಮೇಲೆ ಇದನ್ನು ಬರೆಸಲು ಆಗುವ ಖರ್ಚು ಒಂದು ಡಬ್ಬಿ ಬಣ್ಣದ್ದು.

ಯಾರಿಗೆ ಬರುತ್ತದೆ ಎಂಬ ಬಗೆಗೆ ಸಂಕ್ಷೇಪವಾಗಿ ಹೇಳುತ್ತೇನೆ. ಬೆಂಗಳೂರಿನಲ್ಲಿಯೇ ವೈದ್ಯಕೀಯ ಓದಿದ ಡಾ. ಸಲೀಂ ಯೂಸುಫ್ ಅವರು 52 ದೇಶಗಳಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ‘ಇಂಟರ್‌ಹಾರ್ಟ್’ ಅಧ್ಯಯನದ ಪ್ರಕಾರ ಮೊದಲ ಹೃದಯಾಘಾತದ ಅಪಾಯದಲ್ಲಿ ನೂರಕ್ಕೆ 90ರಷ್ಟನ್ನು ಒಂಬತ್ತು ಅಂಶಗಳೇ ವಿವರಿಸುತ್ತವೆ. ತಂಬಾಕು, ಕೆಟ್ಟ ಕೊಬ್ಬು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ತರಕಾರಿ ಹಣ್ಣಿನ ಕೊರತೆ, ವ್ಯಾಯಾಮದ ಕೊರತೆ, ಮದ್ಯಕ್ಕೆ ಸಂಬಂಧಿಸಿದ ಅಭ್ಯಾಸ. ದಕ್ಷಿಣ ಏಷ್ಯಾದವರಾದ ನಮ್ಮಲ್ಲಿ ಆಘಾತವು ಇತರರಿಗಿಂತ ಐದಾರು ವರ್ಷ ಮುಂಚೆಯೇ ಬರುತ್ತದೆ. ನಮ್ಮ ಜಿಲ್ಲೆಯ ರೈತರಿಗೆ ವ್ಯಾಯಾಮದ ಉಪದೇಶ ಬೇಕಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆಯ ಊಟದಲ್ಲಿಯೂ ದೋಷವಿಲ್ಲ. ನಮ್ಮ ಶತ್ರು ತಂಬಾಕು. ರಾಜ್ಯದಲ್ಲಿ ಗುಟ್ಕಾ 2013ರಿಂದಲೇ ನಿಷೇಧವಾಗಿದೆ. ಈಗ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಕೊಂಡು ಕೈಯಲ್ಲಿ ಬೆರೆಸುತ್ತಾರೆ. ಬೀಡಿ ಸೇದದೆ ಬರೀ ತಿನ್ನುವವರಿಗೆ ಹೃದಯಕ್ಕೆ ತೊಂದರೆಯಿಲ್ಲ ಎಂಬುದು ಸುಳ್ಳು. 2003ರ ಕಾಯ್ದೆಯ ಪ್ರಕಾರ ಶಾಲೆಯ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ಆ ಅಂಗಡಿ ಸದಸ್ಯರೊಬ್ಬರ ಅಣ್ಣನದೇ ಆಗಿರುವುದೂ ಉಂಟು, ನಾನು ಬಲ್ಲೆ.

2025ರಲ್ಲಿ ಹಾಸನದ ಸುದ್ದಿಗಳನ್ನು ನೋಡಿ ನಮ್ಮ ಭಾಗದ ತರುಣರೂ ಗಾಬರಿಯಾದರು. ಕೋವಿಡ್ ಲಸಿಕೆಯಿಂದ ಹೀಗಾಯಿತೆಂದು ಮಾತು ಹರಡಿತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಅಲ್ಲಿಯ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ, ಅವು ಅಸಹಜವಾಗಿ ಹೆಚ್ಚಿಲ್ಲವೆಂದೂ ಲಸಿಕೆಗೆ ಸಂಬಂಧಿಸಿಲ್ಲವೆಂದೂ ವರದಿ ನೀಡಿತು. ತೀರಿಕೊಂಡವರಲ್ಲಿ ಹಲವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಮದ್ಯಪಾನ ಇದ್ದುದು ಕಂಡುಬಂತು. ಹೆದರಿಕೆಯಿಂದ ಒಂದು ದಿನ ಜಯದೇವದ ಮುಂದೆ ಸರದಿ ನಿಲ್ಲುವುದಕ್ಕಿಂತ ತಮ್ಮ ಉಪಕೇಂದ್ರದಲ್ಲಿ ರಕ್ತದೊತ್ತಡ ನೋಡಿಸಿಕೊಳ್ಳುವುದು ಲೇಸು.

ರಕ್ತದೊತ್ತಡದ ಬಗೆಗೆ ನಮ್ಮ ಜಿಲ್ಲೆಗೇ ವಿಶೇಷವಾದ ಒಂದು ತೊಡಕಿದೆ. ಸುಗ್ಗಿ ಮುಗಿದ ಮೇಲೆ ಸಾವಿರಾರು ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳಿಗೆ ದುಡಿಯಲು ಹೋಗುತ್ತವೆ. ಊರಿನಲ್ಲಿ ಆಶಾ ಕಾರ್ಯಕರ್ತೆ ತಿಂಗಳ ಗುಳಿಗೆ ಮನೆಗೇ ತಲುಪಿಸುತ್ತಿರುತ್ತಾರೆ. ವಲಸೆ ಹೋದ ಮೇಲೆ ಆ ಗುಳಿಗೆ ನಿಲ್ಲುತ್ತದೆ. ‘ಬಿಪಿ ಕಡಿಮಿ ಆಗ್ಯಾದ, ಬಿಟ್ಟೀನ್ರಿ’ ಎನ್ನುತ್ತಾರೆ. ಕಡಿಮೆಯಾದದ್ದು ಗುಳಿಗೆಯಿಂದ, ಬಿಟ್ಟರೆ ಮತ್ತೆ ಏರುತ್ತದೆ, ಏರಿದ್ದು ಗೊತ್ತಾಗುವುದಿಲ್ಲ. ಹೊರಡುವ ಮೊದಲು ಎರಡು ಮೂರು ತಿಂಗಳ ಗುಳಿಗೆ ಮತ್ತು ಚಿಕಿತ್ಸೆಯ ಚೀಟಿಯ ಮೊಬೈಲ್ ಚಿತ್ರ ಅವರ ಕೈಯಲ್ಲಿರುವಂತೆ ನೋಡಿಕೊಳ್ಳಲು ನಿಮ್ಮ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ವಿಷಯವಿಡಿ. ಯಾವ ಓಣಿಯಿಂದ ಯಾರು ಯಾವಾಗ ಹೋಗುತ್ತಾರೆ ಎಂಬುದು ಆರೋಗ್ಯ ಇಲಾಖೆಗಿಂತ ನಿಮಗೇ ಚೆನ್ನಾಗಿ ಗೊತ್ತು.

ಪಂಚಾಯತ್ ಮಾಡಬಹುದಾದ ಇನ್ನೆರಡು ಕೆಲಸ ಹೇಳುತ್ತೇನೆ. ನಮ್ಮಲ್ಲಿ ದೊಡ್ಡಿಗಳೂ ತಾಂಡಾಗಳೂ ಬಹಳ. ಒಂದೇ ಹೆಸರಿನ ದೊಡ್ಡಿ ಎರಡು ಪಂಚಾಯತ್‌ಗಳಲ್ಲಿ ಇರುವುದುಂಟು. ರಾತ್ರಿ ಆಂಬುಲೆನ್ಸಿನ ಚಾಲಕ ಮುಖ್ಯರಸ್ತೆಯಲ್ಲಿ ನಿಂತು ದಾರಿ ಕೇಳುತ್ತಾನೆ. ಕ್ರಾಸಿನಲ್ಲಿ ಬೆಳಕು ಬಿದ್ದರೆ ಹೊಳೆಯುವ ಫಲಕ ಹಾಕಿಸಿ. ಕರೆ ಬಂದಾಗ ಇಬ್ಬರು ಹುಡುಗರು ಬ್ಯಾಟರಿ ಹಿಡಿದು ಕ್ರಾಸಿಗೆ ಹೋಗಿ ನಿಲ್ಲುವ ರೂಢಿ ಮಾಡಿಸಿ. ಮಳೆಗಾಲದಲ್ಲಿ ಯಾವ ಹಳ್ಳ ದಾರಿ ಕಟ್ಟುತ್ತದೆ, ಆಗ ಬದಲಿ ದಾರಿ ಯಾವುದು, ರಾತ್ರಿ ಕೊಡಲು ಒಪ್ಪುವ ವಾಹನ ಯಾರದು ಎಂಬ ಪಟ್ಟಿ ವಾರ್ಡಿಗೊಂದು ಇರಲಿ. ಎರಡನೆಯದು ಉದ್ಯೋಗ ಖಾತ್ರಿ ಕಾಮಗಾರಿಯ ಸ್ಥಳ. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಕೆರೆ ಹೂಳು ತೆಗೆಯುವಾಗ ಎಲ್ಲರಿಗೂ ಬೆವರು ಬರುತ್ತದೆ. ಎದೆ ಹಿಡಿದುಕೊಂಡು ಕುಳಿತವನ ಬೆವರು ಬೇರೆಯದು ಎಂದು ಗುರುತಿಸಲು ಕಾಯಕ ಬಂಧುಗಳಿಗೆ ಕಲಿಸಬೇಕು. ಮೈಲಾಪುರದ ಮಲ್ಲಯ್ಯನ ಜಾತ್ರೆ, ತಿಂಥಣಿ ಮೌನೇಶ್ವರ ಜಾತ್ರೆಯಂತಹ ಜನಸಂದಣಿಯ ದಿನಗಳಲ್ಲಿಯೂ ಇದೇ ಮಾತು.

ಕೊನೆಯದಾಗಿ, ಮನುಷ್ಯ ಕುಸಿದು ಬಿದ್ದರೆ. ಭುಜ ತಟ್ಟಿ ಕರೆದರೂ ಎಚ್ಚರವಿಲ್ಲ, ಉಸಿರಿಲ್ಲ ಅಥವಾ ಮೀನು ಬಾಯಿ ಬಿಟ್ಟಂತೆ ಆಗಾಗ ಒಮ್ಮೆ ಮಾತ್ರ ಇದೆ ಎಂದಾದರೆ ಅದು ಸ್ತಂಭನ. ನೀರು ಚಿಮುಕಿಸುವುದು, ಈರುಳ್ಳಿ ಮೂಸಿಸುವುದು, ಕೈಯಲ್ಲಿ ಕಬ್ಬಿಣ ಕೊಡುವುದು ಬೇಡ. ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಇನ್ನೊಬ್ಬರು ಎದೆ ಒತ್ತಲು ಆರಂಭಿಸಬೇಕು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈಯ ಹಿಮ್ಮಡಿಯಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಮಡಚದೆ, ಎದೆ ಎರಡು ಅಂಗುಲ ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಪಕ್ಕೆಲುಬು ಮುರಿದೀತೆಂದು ಅಂಜಬೇಡಿ, ಪಕ್ಕೆಲುಬು ಕೂಡಿಕೊಳ್ಳುತ್ತದೆ. ಏನೂ ಮಾಡದೆ ನಿಂತ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ. ದಣಿದರೆ ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಿ, ಆಂಬುಲೆನ್ಸ್ ಬರುವವರೆಗೆ ನಿಲ್ಲಿಸದೆ ಒತ್ತಬೇಕು.

ಇದನ್ನು ಮಾತಿನಲ್ಲಿ ಕಲಿಯಲಾಗದು. ಊಟದ ನಂತರ ಹಿಂದಿನ ಕೊಠಡಿಯಲ್ಲಿ ಎರಡು ಗೊಂಬೆಗಳನ್ನು ಇರಿಸಲಾಗಿದೆ. ಶುಶ್ರೂಷಾಧಿಕಾರಿಗಳು ತೋರಿಸುತ್ತಾರೆ, ನೀವು ಒಬ್ಬೊಬ್ಬರಾಗಿ ಮಾಡಿ ನೋಡಬೇಕು. ಸೀರೆಯುಟ್ಟ ತಾಯಂದಿರಿಗಾಗಿ ಪ್ರತ್ಯೇಕ ತಂಡ ಮಾಡಿದ್ದೇವೆ, ಸಂಕೋಚ ಬೇಡ. ಅಲ್ಲಿಯೇ ರಕ್ತದೊತ್ತಡ ನೋಡುವ ವ್ಯವಸ್ಥೆಯೂ ಇದೆ. ಮೂವತ್ತು ದಾಟಿದ ಸದಸ್ಯರೆಲ್ಲರೂ ತೋರಿಸಿಕೊಂಡೇ ಊರಿಗೆ ಹೊರಡಬೇಕೆಂದು ಕೋರುತ್ತೇನೆ.